ಅರಳದ ಗುಂಡು

ಇನ್ವರ್‌ನೆಸ್ ಹತ್ತಿರ, ಸ್ಕಾಟ್ಲೆಂಡ್
೯ ಸೆಪ್ಟೆಂಬರ್ ೨೦೨೪

ಉಪ್ಪಾ,

ಅಸ್ಸಲಾಮು ಅಲೈಕುಂ. ನಾನು ಅಫ್ರಾ.

ಈ ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡಬೇಡಿ. ಉಮ್ಮ ತೀರಿಹೋದ ಮೇಲೆ ಹದಿಮೂರು ತಿಂಗಳಿಂದ ನೀವು ಮಾಡಿದ ಒಂದು ಫೋನನ್ನೂ ನಾನು ಎತ್ತಲಿಲ್ಲ. ಈಗಲೂ ಎತ್ತುವುದಿಲ್ಲ. ನಿಮ್ಮ ದನಿ ಕೇಳಿದರೆ ಆಸ್ಪತ್ರೆಯ ಆ ಕಾರಿಡಾರ್ ಕಣ್ಣಿಗೆ ಬರುತ್ತದೆ. ಬರೆದದ್ದಾದರೆ ಓದಬಲ್ಲೆ. ನಮ್ಮ ಬ್ಯಾರಿ ಮಾತನ್ನು ಬರೆದು ನನಗೆ ಅಭ್ಯಾಸವಿಲ್ಲ. ಅಪ್ಪನಿಗೆ ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಕಾಗದದ ಹಾಗೆ ಆಗುತ್ತದೆ. ಅದಕ್ಕೆ ಉಮ್ಮ ಶುಕ್ರವಾರ ಶುಕ್ರವಾರ ಕೂರಿಸಿ ಕಲಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ ಓದಿ.

ಒಂದು ಕೆಲಸದ ವಿಷಯ ಕೇಳಬೇಕು. ನಾನು ಇಲ್ಲಿ ಕಾಡು ಬೆಳೆಸುವ ಸಂಸ್ಥೆಯಲ್ಲಿ ಇದ್ದೇನೆ ಎಂದು ನಿಮಗೆ ಗೊತ್ತು. ಇಲ್ಲಿ ತೋಳವಿಲ್ಲ, ಹುಲಿಯಿಲ್ಲ. ಕೆಂಪು ಜಿಂಕೆ ಮಾತ್ರ ಲೆಕ್ಕವಿಲ್ಲದಷ್ಟು. ನಮ್ಮ ಊರಿನ ಕಡವೆಯಷ್ಟು ದೊಡ್ಡವು. ನೆಟ್ಟ ಗಿಡವನ್ನೆಲ್ಲ ತಿನ್ನುತ್ತವೆ, ಆಮೇಲೆ ಚಳಿಗಾಲದ ಕೊನೆಗೆ ಮೇವಿಲ್ಲದೆ ತಾವೇ ಸಾಯುತ್ತವೆ. ಅದಕ್ಕೆ ವರ್ಷಕ್ಕೆ ಇಷ್ಟು ಎಂದು ಹೊಡೆಯುತ್ತಾರೆ. ಇಷ್ಟು ದಿನ ನಾನು ಗಿಡ ಎಣಿಸುತ್ತಿದ್ದೆ. ಈ ವರ್ಷ ನಾನೂ ಕೋವಿ ಹಿಡಿಯಬೇಕು. ಪರೀಕ್ಷೆ ಇದೆ.

ಕಲಿಸುವವರು ಕ್ಯಾಲಂ ಎಂಬ ಹಿರಿಯರು. ನಲವತ್ತು ವರ್ಷದಿಂದ ಇದೇ ಕೆಲಸ. "ಸದ್ದು ಕಿವಿಗೆ ಬೀಳುವ ಮೊದಲು ಜಿಂಕೆ ಸತ್ತಿರಬೇಕು. ಅದನ್ನು ಮಾಡಲು ಬರದಿದ್ದರೆ ಗಿಡ ಎಣಿಸುತ್ತಾ ಇರು" ಎಂದರು. ಅವರು ಬಳಸಿದ್ದು ಸೀಸದ ಗುಂಡು. ಈಗ ನಮ್ಮ ಸಂಸ್ಥೆ ಸೀಸ ಬೇಡ ಎನ್ನುತ್ತದೆ. ಬೆಟ್ಟದಲ್ಲಿ ಬಿಟ್ಟ ಜಿಂಕೆಯ ಕರುಳನ್ನು ಹದ್ದುಗಳು ತಿಂದು ಸೀಸದ ವಿಷದಿಂದ ಸಾಯುತ್ತವಂತೆ. ತಾಮ್ರದ ಗುಂಡು ತೆಗೆದುಕೊಳ್ಳಬೇಕು. ಕ್ಯಾಲಂಗೆ ತಾಮ್ರದ ವಿಷಯ ಗೊತ್ತಿಲ್ಲ. "ನಿನ್ನದು ನೀನೇ ಆರಿಸು" ಎಂದರು. ಅಂಗಡಿಯಲ್ಲಿ ನೋಡಿದರೆ ಐದಾರು ತೂಕದಲ್ಲಿ ಇದೆ.

ಕೋವಿ ತ್ರೀ ಓ ಏಟ್ ಅಳತೆಯ ನಳಿಗೆಯದು. ನೀವು ಇಪ್ಪತ್ತಾರು ವರ್ಷ ದೋಹಾದಲ್ಲಿ ಇದನ್ನೇ ಮಾರಿದ್ದೀರಿ. ಯಾವುದು ತೆಗೆದುಕೊಳ್ಳಲಿ?

ಬೇರೆ ಏನೂ ಕೇಳುತ್ತಿಲ್ಲ.

ಅಫ್ರಾ


ಮುಐದರ್
ದೋಹಾ, ೨೭ ಸೆಪ್ಟೆಂಬರ್ ೨೦೨೪, ಶುಕ್ರವಾರ

ಅಫ್ರಾಳಿಗೆ ಸಲಾಂ.

ನಿನ್ನ ಕಾಗದ ಸೋಮವಾರ ಅಂಗಡಿಯ ಪೋಸ್ಟ್ ಬಾಕ್ಸಿನಲ್ಲಿ ಸಿಕ್ಕಿತು. ಫೋನ್ ಮಾಡುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ತೋಟೆ ಕೊಳ್ಳಲು ಬಂದವರು ಮೊದಲು ನೋಡುವುದು ಪೆಟ್ಟಿಗೆಯ ಮೇಲಿನ ಚಿತ್ರವನ್ನು. ನೀನು ಅದನ್ನು ನೋಡಬೇಡ. ತೋಟೆಯ ತುದಿಯಲ್ಲಿ ಕೂತಿರುವ ಗುಂಡು ಯಾವ ಜಾತಿಯದು ಎಂದು ನೋಡು. ಮೂತಿ ಮುಚ್ಚಿದ ಗಟ್ಟಿ ಕವಚದ ಗುಂಡು ಹಲಗೆಗೆ ಗುರಿಯಿಡಲು ಮಾತ್ರ. ಅದು ಪ್ರಾಣಿಯ ಮೈಯಲ್ಲಿ ದಬ್ಬಣದ ಹಾಗೆ ಈಚೆಯಿಂದ ಆಚೆಗೆ ಹೋಗಿಬಿಡುತ್ತದೆ. ಜಿಂಕೆ ಬೀಳುವುದಿಲ್ಲ, ಓಡುತ್ತದೆ. ಎಲ್ಲೋ ಪೊದೆಯಲ್ಲಿ ಎರಡು ದಿನ ಬಿಟ್ಟು ಸಾಯುತ್ತದೆ. ಬೇಟೆಗೆ ಬೇಕಾದದ್ದು ಒಳಗೆ ಹೋದ ಕೂಡಲೇ ಅರಳುವ ಗುಂಡು. ಸೀಸದ್ದಾದರೆ ಅಣಬೆಯ ಹಾಗೆ ಹರಡುತ್ತದೆ. ತಾಮ್ರದ್ದು ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಅದು ಅರಳಿದರೆ ಮಾತ್ರ ಶ್ವಾಸಕೋಶ ಒಮ್ಮೆಲೇ ನಿಲ್ಲುತ್ತದೆ.

ತೂಕವನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ದೊಡ್ಡ ಪ್ರಾಣಿ ಆದ್ದರಿಂದ ನೂರ ಅರವತ್ತೈದು ಗ್ರೇನಿನದು ತೆಗೆದುಕೋ. ನಮ್ಮಲ್ಲಿ ದೊಡ್ಡ ಜಿಂಕೆಗೆಂದು ಹೊರದೇಶಕ್ಕೆ ಹೋಗುವವರು ಅದನ್ನೇ ಒಯ್ಯುತ್ತಾರೆ. ಇನ್ನೂರೈವತ್ತು ಮೀಟರಿನವರೆಗೂ ಭಯವಿಲ್ಲ.

ಹೊಸ ಪೆಟ್ಟಿಗೆ ಒಡೆದ ಮೇಲೆ ಕೋವಿಯ ಗುರಿಯನ್ನು ಮತ್ತೆ ಸರಿಮಾಡಿಸು. ಒಂದು ತೋಟೆಗೆ ಕೂಡಿದ ಗುರಿ ಇನ್ನೊಂದಕ್ಕೆ ಕೂಡುವುದಿಲ್ಲ. ಪ್ರಾಣಿ ಅಡ್ಡಲಾಗಿ ನಿಂತಾಗ ಮಾತ್ರ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಗೆರೆಯಿಂದ ಮೂರನೆಯ ಒಂದು ಭಾಗ ಮೇಲೆ. ಸಂಶಯವಿದ್ದರೆ ಹೊಡೆಯಬೇಡ. ಬಿಸ್ಮಿಲ್ಲಾ ಹೇಳಿ ಕೋವಿಯ ಕುದುರೆ ಎಳೆ. ಕೊಯ್ಯುವ ಚೂರಿ ಹರಿತವಾಗಿರಬೇಕು, ಪ್ರಾಣಿಗೆ ಸಂಕಟವಾಗಬಾರದು ಎಂದು ಮದ್ರಸದಲ್ಲಿ ಹೇಳಿಕೊಟ್ಟದ್ದು ಗುಂಡಿಗೂ ಸಲ್ಲುತ್ತದೆ.

ಇಲ್ಲಿ ಸೆಕೆ ಸ್ವಲ್ಪ ಇಳಿದಿದೆ.

ನಿನ್ನ ಉಪ್ಪ,
ಸುಲೈಮಾನ್


ಇನ್ವರ್‌ನೆಸ್ ಹತ್ತಿರ
೨೦ ಅಕ್ಟೋಬರ್ ೨೦೨೪

ಉಪ್ಪಾ, ಸಲಾಂ.

ಪರೀಕ್ಷೆ ಪಾಸಾಯಿತು. ನೀವು ಹೇಳಿದ ನೂರ ಅರವತ್ತೈದರ ಎರಡು ಪೆಟ್ಟಿಗೆ ತಂದೆ. ಗುರಿ ಸರಿಮಾಡಿದೆವು. ನೂರು ಮೀಟರಿನಲ್ಲಿ ಮೂರು ಈಡು ಒಂದು ಬಿಸ್ಕಿಟಿನ ಅಗಲದೊಳಗೆ ಬಿತ್ತು. ತೋಟೆಯ ವಿಷಯ ನಿನಗೆ ಯಾರು ಕಲಿಸಿದರು ಎಂದು ಕ್ಯಾಲಂ ಕೇಳಿದರು. ಉಪ್ಪ ತೋಟೆ ಮಾರುತ್ತಾರೆ ಎಂದೆ.

ನಾಳೆಯಿಂದ ಹೆಣ್ಣು ಜಿಂಕೆಗಳನ್ನು ಹೊಡೆಯಬಹುದು.

ಕಾಗದದ ಮೇಲೆ ಮುಐದರ್ ಎಂದು ಬರೆದಿದ್ದೀರಿ. ಯಾಕೆ? ಗರಾಫಾದ ಮನೆಯಲ್ಲಿ ಇಲ್ಲವಾ?

ಇನ್ನೊಂದು ಪ್ರಶ್ನೆ. ಸಣ್ಣವಳಿರುವಾಗ ಕೇಳಬೇಕು ಎಂದುಕೊಂಡಿದ್ದೆ, ಕೇಳಲಿಲ್ಲ. ನೀವು ಯಾವತ್ತಾದರೂ ಒಂದು ಪ್ರಾಣಿಗೆ ಗುಂಡು ಹೊಡೆದಿದ್ದೀರಾ?

ಅಫ್ರಾ


ಮುಐದರ್
೮ ನವೆಂಬರ್ ೨೦೨೪, ಶುಕ್ರವಾರ

ಅಫ್ರಾಳಿಗೆ ಸಲಾಂ.

ಪಾಸಾದದ್ದು ತಿಳಿಯಿತು. ಒಳ್ಳೆಯದು.

ಗರಾಫಾದ ಮನೆ ಮಾರ್ಚ್ ತಿಂಗಳಲ್ಲಿ ಬಿಟ್ಟೆ. ಒಬ್ಬನಿಗೆ ಎರಡು ಬೆಡ್‌ರೂಮು ಯಾಕೆ? ಇಲ್ಲಿ ಒಂದು ವಿಲ್ಲಾದ ಕೋಣೆಯಲ್ಲಿ ನಾವು ನಾಲ್ವರು. ಇಬ್ಬರು ಕಾಸರಗೋಡಿನವರು, ಒಬ್ಬರು ಭಟ್ಕಳದವರು. ಎಲ್ಲರೂ ಬೇಗ ಮಲಗುವವರು. ತೊಂದರೆಯಿಲ್ಲ. ನಿನ್ನ ಉಮ್ಮನ ಸಾಮಾನು ಮೂರು ಪೆಟ್ಟಿಗೆಗಳಲ್ಲಿ ನನ್ನ ಮಂಚದ ಕೆಳಗೆ ಇದೆ. ಬಿಚ್ಚಿ ನೋಡಿಲ್ಲ. ನಿನ್ನ ಕೋಣೆಯ ಪುಸ್ತಕಗಳನ್ನು ಇಂಡಿಯನ್ ಸ್ಕೂಲಿನ ಒಂದು ಮಗುವಿಗೆ ಕೊಟ್ಟೆ. ನಿನ್ನನ್ನು ಕೇಳಿ ಕೊಡಬೇಕಿತ್ತು.

ಎರಡನೆಯ ಪ್ರಶ್ನೆ. ಇಲ್ಲ. ನಾನು ಒಂದು ಪ್ರಾಣಿಗೂ ಈಡು ಹೊಡೆದವನಲ್ಲ. ಊರಿನಲ್ಲಿ ನನ್ನ ಅಜ್ಜನಿಗೆ ಹಂದಿ ಓಡಿಸುವ ಒಂಟಿನಳಿಗೆ ಕೋವಿ ಇತ್ತು. ಅದನ್ನು ಎಣ್ಣೆ ಹಾಕಿ ಒರೆಸಿದ್ದೇನೆ, ಅಷ್ಟೆ. ದೋಹಾಕ್ಕೆ ಬಂದಾಗ ಡಿಗ್ರಿ ಇತ್ತು, ಇಂಗ್ಲಿಷ್ ಓದಲು ಬರುತ್ತಿತ್ತು, ಅಂಗಡಿಯವರು ಕ್ಯಾಟಲಾಗು ಓದುವವನು ಬೇಕು ಎಂದರು. ಓದುತ್ತಾ ಓದುತ್ತಾ ಕಲಿತೆ. ಉಳಿದದ್ದನ್ನು ಗಿರಾಕಿಗಳ ಬಾಯಿಂದ ಕೇಳಿದೆ. ಯಾವ ಗುಂಡಿಗೆ ಎಷ್ಟು ವೇಗ, ಎಷ್ಟು ದೂರದಲ್ಲಿ ಎಷ್ಟು ಇಳಿಯುತ್ತದೆ ಎಂದು ಬಾಯಿಪಾಠ ಹೇಳಬಲ್ಲೆ. ಕಣ್ಣಾರೆ ಒಂದನ್ನೂ ನೋಡಿಲ್ಲ.

ಗಿರಾಕಿಗಳು ತಿರುಗಿ ಬಂದಾಗ ಫೋಟೋ ತೋರಿಸುತ್ತಾರೆ. ಬಿದ್ದ ಜಿಂಕೆಯದ್ದೇ ತೋರಿಸುತ್ತಾರೆ. ಓಡಿಹೋದದ್ದರ ಫೋಟೋ ಯಾರ ಹತ್ತಿರವೂ ಇರುವುದಿಲ್ಲ.

ಚಳಿಗೆ ಕಿವಿ ಮುಚ್ಚಿಕೋ.

ನಿನ್ನ ಉಪ್ಪ


ಇನ್ವರ್‌ನೆಸ್ ಹತ್ತಿರ
೧೫ ಡಿಸೆಂಬರ್ ೨೦೨೪

ಉಪ್ಪಾ,

ಗುರುವಾರ ನನ್ನ ಮೊದಲ ಜಿಂಕೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಗೆ ಬೆಟ್ಟದ ಅಂಚಿನಲ್ಲಿ ಏಳು ಹೆಣ್ಣು ಜಿಂಕೆಗಳು ಕಂಡವು. ನಾನು, ಕ್ಯಾಲಂ ಇಬ್ಬರೂ ಒದ್ದೆ ಹುಲ್ಲಿನ ಮೇಲೆ ಹೊಟ್ಟೆಯಲ್ಲಿ ತೆವಳಿದೆವು. ದೂರ ಇನ್ನೂರ ಇಪ್ಪತ್ತು ಮೀಟರ್. ಅದಕ್ಕಿಂತ ಹತ್ತಿರ ಹೋಗಲು ಮರೆಯಿಲ್ಲ. ಕ್ಯಾಲಂ ಎಡಗಡೆಯ ಮುದಿ ಜಿಂಕೆಯನ್ನು ತೋರಿಸಿದರು. ಅದರ ಜೊತೆ ಮರಿ ಇರಲಿಲ್ಲ. ಅದು ಅಡ್ಡಲಾಗಿ ನಿಂತಿತು. ನೀವು ಹೇಳಿದ ಜಾಗ ನೋಡಿದೆ. ಬಿಸ್ಮಿಲ್ಲಾ ಹೇಳಿದೆ. ಹೊಡೆದೆ.

ಅದು ಬೀಳಲಿಲ್ಲ. ತಲೆ ಎತ್ತಿ ಸುತ್ತ ನೋಡಿತು. ಯಾರೋ ಕರೆದ ಹಾಗೆ. ಆಮೇಲೆ ಉಳಿದವುಗಳ ಜೊತೆ ಓಡಿತು.

"ತಪ್ಪಿತಾ?" ಎಂದು ಕೇಳಿದೆ.

"ಇಲ್ಲ. ಬಿದ್ದಿದೆ ಪೆಟ್ಟು. ಕೂತಿರು" ಎಂದರು ಕ್ಯಾಲಂ.

ಅರ್ಧ ಗಂಟೆ ಕೂತೆವು. ಕೂಡಲೇ ಬೆನ್ನಟ್ಟಿದರೆ ಗಾಯದ ಪ್ರಾಣಿ ಇನ್ನೂ ದೂರ ಓಡುತ್ತದಂತೆ. ಆಮೇಲೆ ಜಾಗಕ್ಕೆ ಹೋಗಿ ನೋಡಿದೆವು. ಹುಲ್ಲಿನ ಮೇಲೆ ನಾಲ್ಕು ಹನಿ ರಕ್ತ, ತಿಳಿ ಕೆಂಪು, ಅದರಲ್ಲಿ ಸಣ್ಣ ಗುಳ್ಳೆ. ಶ್ವಾಸಕೋಶದ ರಕ್ತ. ಹಾಗಾದರೆ ಅದು ಬಿದ್ದಿರಬೇಕಿತ್ತು.

ನಾಲ್ಕು ಗಂಟೆ ಹುಡುಕಿದೆವು. ಎರಡು ಸಲ ಕಂಡಿತು. ನಾವು ಹತ್ತಿರ ಹೋದಾಗ ಎದ್ದು ನಡೆಯಿತು. ಓಡಲು ಆಗುತ್ತಿರಲಿಲ್ಲ, ನಡೆಯಿತು. ಮೂರನೆಯ ಸಲ ಒಣಗಿದ ಜರೀಗಿಡದ ನಡುವೆ ಕಾಲು ಮಡಚಿ ಕೂತಿತ್ತು. ತಲೆ ಎತ್ತಿಯೇ ಇತ್ತು. ನಮ್ಮನ್ನು ನೋಡಿ ಎದ್ದೇಳಲು ಮುಂಗಾಲು ಊರಿತು. ಹಿಂಗಾಲು ಬರಲಿಲ್ಲ. ಮತ್ತೆ ಊರಿತು. ನಾನು ನಲವತ್ತು ಹೆಜ್ಜೆಯಿಂದ ಎರಡನೆಯ ಗುಂಡು ಹೊಡೆದೆ.

ಹೊಟ್ಟೆ ಸೀಳಿ ನೋಡಿದಾಗ ಮೊದಲ ಗುಂಡು ಸರಿಯಾದ ಜಾಗಕ್ಕೇ ಬಿದ್ದಿತ್ತು. ಒಳಗೆ ಹೋದ ತೂತು, ಹೊರಗೆ ಬಂದ ತೂತು ಎರಡೂ ಒಂದೇ ಅಗಲ. ಪೆನ್ಸಿಲ್ ತೂರಿಸಿದ ಹಾಗೆ. ಅದು ಅರಳಲೇ ಇಲ್ಲ.

ಕ್ಯಾಲಂ ಕೋವಿಯನ್ನು ತಿರುಗಿಸಿ ನೋಡಿದರು. ಸದ್ದು ಕಡಿಮೆ ಮಾಡುವ ಕೊಳವೆ ಸಿಕ್ಕಿಸಲಿಕ್ಕೆಂದು ಇದರ ನಳಿಗೆಯನ್ನು ಹದಿನೆಂಟು ಇಂಚಿಗೆ ಕತ್ತರಿಸಿದ್ದಾರೆ. ಅದಕ್ಕೇ ಇರಬಹುದು ಎಂದರು. ನನ್ನನ್ನು ಏನೂ ಬೈಯಲಿಲ್ಲ.

ಮನೆಗೆ ಬಂದು ಕೈ ತೊಳೆದೆ. ಅನ್ನ ಮಾಡಿ ಉಂಡೆ. ಅಳು ಬರಲಿಲ್ಲ, ಹೇಸಿಗೆ ಆಗಲಿಲ್ಲ. ಏನೂ ಆಗಲಿಲ್ಲ. ಉಮ್ಮ ಹೋದ ದಿನವೂ ನನಗೆ ಹೀಗೇ ಇತ್ತು.

ಅಫ್ರಾ


ಮುಐದರ್
೧೦ ಜನವರಿ ೨೦೨೫, ಶುಕ್ರವಾರ

ಮೋಳೇ,

ತಪ್ಪು ನನ್ನದು. ಮೊದಲು ಅದನ್ನು ಬರೆಯುತ್ತೇನೆ.

ತಾಮ್ರ ಸೀಸಕ್ಕಿಂತ ಗಟ್ಟಿ. ಅದು ಅರಳಬೇಕಾದರೆ ಜೋರಾಗಿ ಹೋಗಿ ತಾಗಬೇಕು. ಗುಂಡು ಭಾರವಾದಷ್ಟೂ ವೇಗ ಕಡಿಮೆ. ನಳಿಗೆ ಗಿಡ್ಡವಾದರೆ ಇನ್ನೂ ಕಡಿಮೆ. ಇನ್ನೂರು ಮೀಟರ್ ದಾಟುವ ಹೊತ್ತಿಗೆ ಅದಕ್ಕೆ ಬಿಚ್ಚಿಕೊಳ್ಳುವ ಶಕ್ತಿ ಉಳಿದಿರಲಿಕ್ಕಿಲ್ಲ. ನಮ್ಮ ಗಿರಾಕಿಗಳ ಕೋವಿಗಳಿಗೆ ಇಪ್ಪತ್ತನಾಲ್ಕು ಇಂಚಿನ ನಳಿಗೆ. ನಿನ್ನದೂ ಅಷ್ಟೇ ಇರಬಹುದು ಎಂದುಕೊಂಡೆ. ನಳಿಗೆ ಎಷ್ಟು ಉದ್ದ ಎಂದು ಸೆಪ್ಟೆಂಬರಿನಲ್ಲಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಗೊತ್ತಿರುವವನ ಹಾಗೆ ಬರೆದೆ.

ನೂರ ಮೂವತ್ತು ಗ್ರೇನಿನದು ತೆಗೆದುಕೋ. ತಾಮ್ರದಲ್ಲಿ ಹಗುರವೇ ಒಳ್ಳೆಯದು. ಹಳೆಯ ನ್ಯೂಸ್‌ಪೇಪರನ್ನು ನೀರಲ್ಲಿ ನೆನೆಸಿ ಕಟ್ಟು ಕಟ್ಟಿ, ಬೇರೆ ಬೇರೆ ದೂರದಿಂದ ಹೊಡೆದು, ಗುಂಡನ್ನು ತೆಗೆದು ನೋಡು. ಎಸಳು ಬಿಚ್ಚಿದ ದೂರ ಎಷ್ಟೋ ಅಷ್ಟಕ್ಕೇ ನಿಲ್ಲಿಸು. ಕ್ಯಾಟಲಾಗನ್ನು ನಂಬಬೇಡ. ನನ್ನನ್ನೂ ನಂಬಬೇಡ, ಹೊಡೆದು ನೋಡು.

ಇಲ್ಲಿಯದ್ದೊಂದು ಸಂಗತಿ. ನಿನ್ನ ಕಾಗದ ಬಂದ ಮರುದಿನ ನಮ್ಮ ಹಳೆಯ ಗಿರಾಕಿಯೊಬ್ಬರು ಬಂದರು. ಕಝಾಕಿಸ್ತಾನಕ್ಕೆ ಜಿಂಕೆಗೆ ಹೋಗುವವರು. ಗಟ್ಟಿ ಕವಚದ ತೋಟೆ ಹತ್ತು ಪೆಟ್ಟಿಗೆ ಬೇಕು ಎಂದರು. ಚರ್ಮ ಹಾಳಾಗಬಾರದಂತೆ. ನಾನು ಅರಳುವ ಗುಂಡು ತೋರಿಸಿದೆ.

"ಯಾ ಸುಲೈಮಾನ್, ಸತ್ತರೆ ಆಯಿತು, ಖಲಾಸ್. ಹೇಗೆ ಸತ್ತರೆ ನಿನಗೇನು?" ಎಂದು ನಕ್ಕರು.

"ಸಾಯಲು ನಾಲ್ಕು ಗಂಟೆ ಬೇಕಾಗುತ್ತದೆ, ಸಾರ್. ಇದನ್ನು ಜಿಂಕೆಗೆಂದು ನಾನು ಕೊಡುವುದಿಲ್ಲ" ಎಂದೆ.

ಇಪ್ಪತ್ತಾರು ವರ್ಷದಲ್ಲಿ ಗಿರಾಕಿಗೆ ಇಲ್ಲ ಎಂದದ್ದು ಅದೇ ಮೊದಲು. ಅವರು ಕೋಪ ಮಾಡಲಿಲ್ಲ. ಮ್ಯಾನೇಜರ್ ಮಹಮೂದ್ ಇದ್ದಾರಲ್ಲ, ಸುಡಾನಿನವರು, ಅವರ ಕೋಣೆಗೆ ಹೋಗಿ ಐದು ನಿಮಿಷ ಮಾತಾಡಿ ಹೊರಟುಹೋದರು.

ಮಹಮೂದ್ ನನ್ನನ್ನು ಕರೆದರು. "ನಿನಗೆ ಮೈ ಸರಿಯಿಲ್ಲವಾ?" ಎಂದು ಕೇಳಿದರು. ಸರಿಯಿದೆ ಎಂದೆ. "ಹೆಂಡತಿ ಹೋದ ಮೇಲೆ ನೀನು ಯಾರ ಜೊತೆಯೂ ಮಾತಾಡುವುದಿಲ್ಲ. ಈಗ ಮಾತಾಡಿದ್ದು ಇದನ್ನಾ?" ಎಂದರು. ಶನಿವಾರದಿಂದ ನನ್ನನ್ನು ಹಿಂದಿನ ಕೌಂಟರಿಗೆ ಹಾಕಿದ್ದಾರೆ. ಈಗ ನಾನು ಟೆಂಟು, ಫ್ಲಾಸ್ಕು, ಮಡಚುವ ಕುರ್ಚಿ ಮಾರುತ್ತೇನೆ. ತೋಟೆಯ ಬೀಗದ ಕೈ ವಾಪಸು ಕೊಟ್ಟೆ.

ಬೇಸರವೇನೂ ಇಲ್ಲ. ಸಂಬಳ ಅಷ್ಟೇ ಇದೆ. ನಿನಗೆ ತಿಳಿದಿರಲಿ ಎಂದು ಬರೆದೆ.

ನಿನ್ನ ಉಪ್ಪ


ಇನ್ವರ್‌ನೆಸ್ ಹತ್ತಿರ
೨ ಫೆಬ್ರವರಿ ೨೦೨೫

ಉಪ್ಪಾ, ಸಲಾಂ.

ನೂರ ಮೂವತ್ತು ತಂದೆ. ನೀವು ಹೇಳಿದ ಹಾಗೆ ಒದ್ದೆ ಪೇಪರಿಗೆ ಹೊಡೆದು ನೋಡಿದೆವು. ನೂರು, ನೂರೈವತ್ತು ಮೀಟರಿನಲ್ಲಿ ಎಸಳು ಪೂರ್ತಿ ಬಿಚ್ಚಿತ್ತು. ಇನ್ನೂರರಲ್ಲೂ ಬಿಚ್ಚಿತ್ತು. ಆದರೂ ನಾನು ನೂರೈವತ್ತಕ್ಕೆ ನಿಲ್ಲಿಸಿದೆ. ಹಳೆಯ ನೂರ ಅರವತ್ತೈದನ್ನೂ ಹೊಡೆದು ನೋಡಿದೆ. ಇನ್ನೂರ ಇಪ್ಪತ್ತರಲ್ಲಿ ಮೂತಿ ಸ್ವಲ್ಪ ಚಪ್ಪಟೆ, ಅಷ್ಟೇ. ನೀವು ಬರೆದದ್ದು ಸರಿ.

ಆಮೇಲೆ ಮೂರು ಜಿಂಕೆ ಹೊಡೆದೆ. ಒಂದು ನಿಂತಲ್ಲೇ ಬಿತ್ತು. ಉಳಿದೆರಡು ಇಪ್ಪತ್ತು, ಮೂವತ್ತು ಹೆಜ್ಜೆ ಓಡಿ ಬಿದ್ದವು. ನಾವು ಹೋಗುವ ಹೊತ್ತಿಗೆ ಉಸಿರು ಇರಲಿಲ್ಲ. ಎರಡು ಸಲ ದೂರ ಜಾಸ್ತಿ ಎಂದು ಹೊಡೆಯದೆ ಬಂದೆ. ಕ್ಯಾಲಂ "ಅದೇ ಕಷ್ಟದ ಪಾಠ" ಎಂದರು.

ಉಪ್ಪಾ, ನಿಮ್ಮ ಕಾಗದದ ಮೊದಲ ಸಾಲನ್ನು ನಾನು ತುಂಬಾ ಸಲ ಓದಿದೆ. ತಪ್ಪು ನನ್ನದು ಎಂದು ಇಷ್ಟು ಸುಲಭವಾಗಿ ಬರೆದಿರಿ. ಹಾಗಾದರೆ ಆಸ್ಪತ್ರೆಯಲ್ಲಿ ಆ ದಿನ ಯಾಕೆ ಒಂದು ಮಾತೂ ಆಡಲಿಲ್ಲ?

ಡಾಕ್ಟರ್ ಎರಡು ಕಾಗದ ಕೊಟ್ಟಿದ್ದರು. ಒಂದರಲ್ಲಿ, ಇನ್ನು ಚಿಕಿತ್ಸೆ ಬೇಡ, ನೋವಿಗೆ ಮಾತ್ರ ಮದ್ದು, ಮನೆಗೆ ಕರೆದುಕೊಂಡು ಹೋಗಬಹುದು. ಇನ್ನೊಂದರಲ್ಲಿ, ಹೊಟ್ಟೆಯ ಆಪರೇಷನ್, ಆಮೇಲೆ ಹೊಸ ಔಷಧಿ, ಬದುಕುವ ಸಂಭವ ಕಡಿಮೆ. ಉಮ್ಮ ಸಾಕು ಎಂದಳು ಎಂದು ನಾನು ನಿಮಗೆ ಹೇಳಿದೆ. ಕೈ ಹಿಡಿದು ಹೇಳಿದೆ. ಮರುದಿನ ನೀವು ಎರಡನೆಯದಕ್ಕೆ ಸಹಿ ಹಾಕಿದಿರಿ. ಆಪರೇಷನ್ ಆಗಿ ಹತ್ತೊಂಬತ್ತು ದಿನ ಉಮ್ಮ ಮೆಷಿನಿನಲ್ಲಿ ಇದ್ದಳು. ಬಾಯಲ್ಲಿ ಪೈಪು, ಕೈ ಕಟ್ಟಿದ್ದರು. ನಾನು ನಿಮ್ಮನ್ನು ಹೇಡಿ ಎಂದೆ. ನೀವು ನೆಲ ನೋಡುತ್ತಾ ನಿಂತಿರಿ.

ಯಾಕೆ ಸಹಿ ಹಾಕಿದಿರಿ?

ಅಫ್ರಾ


ಮುಐದರ್
೨೮ ಫೆಬ್ರವರಿ ೨೦೨೫, ಶುಕ್ರವಾರ

ಮೋಳೇ,

ನಾಳೆಯಿಂದ ರಂಜಾನಿನ ನೋಂಬು ಇರಬಹುದು. ಅದರ ಮೊದಲು ಇದನ್ನು ಬರೆದು ಮುಗಿಸಬೇಕು ಎಂದು ಜುಮಾ ನಮಾಜು ಮುಗಿಸಿ ಬಂದು ಕೂತಿದ್ದೇನೆ.

ಆಸ್ಪತ್ರೆಯಲ್ಲಿ ಬೆಳಿಗ್ಗೆ ನೀನು ಇರುತ್ತಿದ್ದೆ. ಮಧ್ಯಾಹ್ನ ಮೂರರ ನಂತರ ನಾನು. ನೀನು ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ಉಮ್ಮ ಸಾಕು ಎಂದಳು ಎಂದು ಹೇಳಿ ಮನೆಗೆ ಹೋದೆ. ನಾನು ಒಳಗೆ ಹೋದೆ. ಮೊದಲನೆಯ ಕಾಗದ ಜೇಬಿನಲ್ಲಿ ಇತ್ತು. ಅದಕ್ಕೇ ಸಹಿ ಹಾಕುವುದೆಂದು ಮನಸ್ಸು ಮಾಡಿ ಆಗಿತ್ತು.

ನಿನ್ನ ಉಮ್ಮ ಖೈರುನ್ನಿಸಾ ಎಚ್ಚರವಾಗಿಯೇ ಇದ್ದಳು. ತುಟಿ ಒದ್ದೆ ಮಾಡಿ ಎಂದು ಸನ್ನೆ ಮಾಡಿದಳು. ಹತ್ತಿಯಲ್ಲಿ ನೀರು ಮುಟ್ಟಿಸಿದೆ.

"ಇದಾ, ಕೇಳಿ" ಎಂದಳು. "ಡಾಕ್ಟರ್ ಇನ್ನೊಂದು ಮದ್ದು ಉಂಟು ಅಂದ್ರಲ್ಲ?"

ಉಂಟು ಎಂದೆ. ಆಪರೇಷನ್ ಆಗಬೇಕು, ಕಷ್ಟ ಉಂಟು, ಗ್ಯಾರಂಟಿ ಇಲ್ಲ ಎಂದೆ.

"ಮಾಡ್ಸುವ" ಎಂದಳು. "ಒಮ್ಮೆ ಮಾಡ್ಸಿ ನೋಡುವ. ನನಗೆ ಹೆದರಿಕೆ ಆಗ್ತದೆ. ಮಣ್ಣಿನ ಹೆದರಿಕೆ."

ನೀನು ಮೋಳಿಗೆ ಸಾಕು ಎಂದೆಯಂತಲ್ಲ ಎಂದು ಕೇಳಿದೆ.

"ಅವಳ ಹತ್ರ ಹೇಳ್ಬೇಡಿ" ಎಂದಳು. "ಉಮ್ಮನಿಗೆ ಧೈರ್ಯ ಉಂಟು ಅಂತ ಗ್ರಹಿಸಿದ್ದಾಳೆ. ಹಾಗೇ ಇರ್ಲಿ."

ಹೇಳುವುದಿಲ್ಲ ಎಂದು ಅಲ್ಲಾಹನ ಮೇಲೆ ಮಾತು ಕೊಟ್ಟೆ. ಈಗ ಅದನ್ನು ಮುರಿಯುತ್ತಿದ್ದೇನೆ. ಅದಕ್ಕೆ ಏನು ಪ್ರಾಯಶ್ಚಿತ್ತವೋ ಅದನ್ನು ನೋಂ‌ಬಿನಲ್ಲಿ ತೀರಿಸುತ್ತೇನೆ.

ಇಷ್ಟು ಹೇಳಿ ನಾನು ಬಿಡುಗಡೆ ಪಡೆಯುತ್ತಿದ್ದೇನೆ ಎಂದು ತಿಳಿಯಬೇಡ. ಅವಳು ಬೆಳಿಗ್ಗೆ ಒಂದು ಹೇಳಿದಳು, ಸಂಜೆ ಒಂದು ಹೇಳಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ. ಎರಡರಲ್ಲಿ ಯಾವುದು ಅವಳ ನಿಜವಾದ ಮಾತು ಎಂದು ನಾನು ತಿಳಿದುಕೊಳ್ಳಬೇಕಿತ್ತು. ಮರುದಿನ ನೀನು, ನಾನು ಇಬ್ಬರೂ ಒಟ್ಟಿಗೆ ಅವಳ ಹಾಸಿಗೆಯ ಹತ್ತಿರ ಕೂತು ಕೇಳಬಹುದಿತ್ತು. ಒಂದು ದಿನ ಕಾದರೆ ಏನೂ ಆಗುತ್ತಿರಲಿಲ್ಲ. ಡಾಕ್ಟರೂ ಯೋಚನೆ ಮಾಡಿ ಹೇಳಿ ಎಂದಿದ್ದರು. ನಾನು ಕಾಯಲಿಲ್ಲ. ಬೆಳಿಗ್ಗೆ ಆರೂವರೆಗೆ, ನೀನು ಬರುವ ಮೊದಲು, ನರ್ಸಿನ ಮೇಜಿನ ಮೇಲೆ ಸಹಿ ಹಾಕಿದೆ. ನೀನು ಬಂದು ಕೇಳಿದರೆ ಅವಳು ಮತ್ತೆ ಸಾಕು ಎನ್ನಬಹುದು ಎಂಬ ಭಯ ನನಗಿತ್ತು. ನನಗೆ ಬೇಕಾದದ್ದು ಸಂಜೆಯ ಮಾತು. ಅದನ್ನೇ ಹಿಡಿದುಕೊಂಡೆ.

ಮೆಷಿನಿನಲ್ಲಿ ಅವಳು ಹತ್ತೊಂಬತ್ತು ದಿನ ಇದ್ದಾಗ ದಿನಾ ಸಂಜೆ ಹೋಗಿ ಅವಳ ಕಣ್ಣು ನೋಡುತ್ತಿದ್ದೆ. ನಾಲ್ಕನೆಯ ದಿನದವರೆಗೆ ಕಣ್ಣು ತೆರೆಯುತ್ತಿದ್ದಳು. ಆಗ ಅವಳು ನನಗೆ ಏನು ಹೇಳುತ್ತಿದ್ದಳು ಎಂದು ಇವತ್ತಿನವರೆಗೂ ಗೊತ್ತಾಗಿಲ್ಲ.

ನೀನು ಹೇಡಿ ಎಂದೆ. ಅದು ಸುಳ್ಳಲ್ಲ. ಅದಕ್ಕೆ ಸುಮ್ಮನಿದ್ದೆ.

ನಿನ್ನ ಉಪ್ಪ,
ಸುಲೈಮಾನ್


ಇನ್ವರ್‌ನೆಸ್ ಹತ್ತಿರ
೨೫ ಮಾರ್ಚ್ ೨೦೨೫

ಉಪ್ಪಾ,

ನಿಮ್ಮ ಕಾಗದ ಬಂದು ಹತ್ತು ದಿನ ಆಯಿತು. ಮೊದಲು ನಂಬಲಿಲ್ಲ. ತಪ್ಪಿಸಿಕೊಳ್ಳಲು ಕಟ್ಟಿದ ಕಥೆ ಎಂದುಕೊಂಡೆ. ಆದರೆ "ಮಾಡ್ಸುವ" ಎಂದು ಓದುವಾಗ ಉಮ್ಮನ ದನಿಯೇ ಕೇಳಿತು. ಅದನ್ನು ನೀವು ಕಟ್ಟಲಾರಿರಿ.

ಈಗ ನಾನೂ ಒಂದು ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ.

ಉಮ್ಮ ಸಾಕು ಎಂದಳು ಎಂದು ನಾನು ನಿಮಗೆ ಹೇಳಿದೆನಲ್ಲ. ಉಮ್ಮ ಆ ಶಬ್ದವನ್ನು ಹೇಳಲಿಲ್ಲ. ಹೇಳಿದ್ದು ನಾನು. ಆ ದಿನ ಬೆಳಿಗ್ಗೆ ನರ್ಸ್ ಅವಳ ಮೂಗಿನ ಟ್ಯೂಬ್ ಬದಲಿಸಿದರು. ಎರಡು ಸಲ ಸರಿಯಾಗಲಿಲ್ಲ, ಮೂರನೆಯ ಸಲ ಹೋಯಿತು. ಉಮ್ಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನಗೆ ನೋಡಲು ಆಗಲಿಲ್ಲ. ನರ್ಸ್ ಹೋದ ಮೇಲೆ ನಾನು ಬಗ್ಗಿ, "ಉಮ್ಮಾ, ಸಾಕಲ್ಲ? ಇನ್ನು ಸಾಕಲ್ಲ?" ಎಂದು ಕೇಳಿದೆ. ಅವಳು ಹೂಂ ಎಂಬ ಹಾಗೆ ತಲೆಯಾಡಿಸಿದಳು. ನನ್ನ ಕೆನ್ನೆ ಮುಟ್ಟಿದಳು.

ಅಷ್ಟೇ ಆದದ್ದು. ನಿಮ್ಮ ಹತ್ತಿರ ಬರುವ ಹೊತ್ತಿಗೆ ಅದನ್ನು ಉಮ್ಮ ಹೇಳಿದಳು ಎಂದು ಮಾಡಿದೆ. ಆಮೇಲೆ ಇಪ್ಪತ್ತು ತಿಂಗಳು ನಾನೇ ಅದನ್ನು ನಂಬಿದೆ. ಅವಳು ಟ್ಯೂಬಿಗೆ ಸಾಕು ಎಂದಳೋ, ಎಲ್ಲದಕ್ಕೂ ಸಾಕು ಎಂದಳೋ, ನನ್ನನ್ನು ಸಮಾಧಾನ ಮಾಡಲು ತಲೆಯಾಡಿಸಿದಳೋ, ನಾನೂ ಕೇಳಲಿಲ್ಲ. ನನಗೆ ಬೇಕಾದದ್ದನ್ನು ನಾನೂ ಹಿಡಿದುಕೊಂಡೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಬರುತ್ತಿಲ್ಲ. ನೀವು ನನ್ನನ್ನು ಕ್ಷಮಿಸಿ ಎಂದೂ ಬರೆಯುವುದಿಲ್ಲ. ಎರಡೂ ಈಗ ಬಾಯಿಗೆ ಬರುವುದಿಲ್ಲ.

ಏಪ್ರಿಲ್ ಹದಿನೆಂಟು, ಶುಕ್ರವಾರ, ಸಂಜೆ ನಾಲ್ಕೂವರೆಗೆ ನನ್ನ ವಿಮಾನ ದೋಹಾಕ್ಕೆ ಬರುತ್ತದೆ. ಎರಡು ವಾರ ಇರುತ್ತೇನೆ. ನಿಮ್ಮ ಕೋಣೆಯಲ್ಲಿ ಜಾಗ ಇಲ್ಲ ಎಂದು ಗೊತ್ತು. ಸ್ಕೂಲಿನಲ್ಲಿ ನನ್ನ ಜೊತೆ ಇದ್ದ ಅಸೀಫಾ ಮನ್ಸೂರಾದಲ್ಲಿ ಇದ್ದಾಳೆ, ಅವಳ ಮನೆಯಲ್ಲಿ ಇಳಿಯುತ್ತೇನೆ. ಉಮ್ಮನ ಕಬರ್ ನಾನು ನೋಡಿಲ್ಲ. ಅಬೂ ಹಮೂರಿನ ಕಬರಸ್ತಾನಕ್ಕೆ ಕರೆದುಕೊಂಡು ಹೋಗಿ. ಹೆಂಗಸರನ್ನು ಒಳಗೆ ಬಿಡದಿದ್ದರೆ ಗೋಡೆಯ ಹೊರಗೆ ನಿಲ್ಲುತ್ತೇನೆ. ನೀವು ಒಳಗಿಂದ ಎಲ್ಲಿ ಎಂದು ಕೈ ಮಾಡಿ ತೋರಿಸಿ.

ಏರ್‌ಪೋರ್ಟಿಗೆ ಬನ್ನಿ. ನಾನು ಏನೂ ಮಾತಾಡದಿದ್ದರೆ ನೀವೂ ಮಾತಾಡಬೇಡಿ. ಮೊದಲ ದಿನ ಹಾಗೇ ಇರುವ. ಎರಡನೆಯ ದಿನ ಉಮ್ಮ ಸಂಜೆ ಹೇಳಿದ್ದನ್ನು ಪೂರ್ತಿ ಹೇಳಿ, ಒಂದು ಮಾತೂ ಬಿಡಬೇಡಿ. ಆಮೇಲೆ ನಾನು ಬೆಳಗಿನದ್ದು ಹೇಳುತ್ತೇನೆ.

ನಿಮ್ಮ ಮೋಳು,
ಅಫ್ರಾ